ಹೆಚ್‌ಆರ್ "ಕರೆಂಟ್ ಸಿಟಿಸಿ ಎಷ್ಟು?" ಅಂದಾಗ ಏನು ಹೇಳಬೇಕು?

ಮೊದಲ ಫೋನಿನಲ್ಲೇ ಹೆಚ್‌ಆರ್ ಕೇಳುವುದು ಇದನ್ನೇ. ಸಿಟಿಸಿ ಅಂದರೆ ಕಂಪನಿ ವರ್ಷಕ್ಕೆ ನಿಮ್ಮ ಮೇಲೆ ಮಾಡುವ ಒಟ್ಟು ಖರ್ಚು. ನೀವು ಹೇಳಿದ ಸಂಖ್ಯೆಗೆ 20-30 ಪರ್ಸೆಂಟ್ ಸೇರಿಸಿ ಆಫರ್ ಮುಗಿಸುತ್ತಾರೆ. ಹಳೇ ಕಂಪನಿ ಕಡಿಮೆ ಕೊಟ್ಟಿದ್ದರೆ ಹೊಸ ಕಡೆಯೂ ಅದೇ ಗೋಳು.

ಹಾಗಾಗಿ ಮೊದಲು ನೀವೇ ಕೇಳಿ: "ಮೇಡಂ, ಈ ಪೋಸ್ಟ್‌ಗೆ ಬಜೆಟ್ ಎಷ್ಟಿದೆ? ಹೊಂದುತ್ತದೆ ಅನ್ನಿಸಿದರೆ ಮುಂದೆ ಮಾತಾಡೋಣ." ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಹಳೇ ಸಂಬಳ ಕೇಳುವುದೇ ಕಾನೂನಿಗೆ ವಿರುದ್ಧ. ನಮ್ಮಲ್ಲಿ ಅಂಥ ಕಾನೂನಿಲ್ಲ, ಅವರು ಬಿಡದೆ ಕೇಳಬಹುದು. ಇನ್ನೊಂದು ಸಲ "ಕೆಲಸದ ಜವಾಬ್ದಾರಿ ನೋಡಿ ಮಾತಾಡೋಣ" ಅನ್ನಿ. ಅಷ್ಟಕ್ಕೂ ಬಿಡದಿದ್ದರೆ ಹೇಳಿಬಿಡಿ, ಸುಮ್ನೆ ಎಳೆದಾಡಬೇಡಿ. ನೌಕರಿ ಡಾಟ್ ಕಾಮ್ ಪ್ರೊಫೈಲಿನಲ್ಲಿ ಸಂಬಳ ಹಾಕಿದ್ದರೆ ಅವರು ಅದನ್ನು ನೋಡಿಕೊಂಡೇ ಫೋನ್ ಮಾಡಿರುತ್ತಾರೆ, ಅಲ್ವಾ?

ಆದರೆ ಹೇಳುವಾಗ ಬಿಡಿಸಿ ಹೇಳಿ. 8 ಲಕ್ಷ ಸಿಟಿಸಿ ಅಂದುಕೊಳ್ಳಿ, ಬೇಸಿಕ್ (ಮೂಲ ವೇತನ) 4 ಲಕ್ಷ. ಆ 8 ಲಕ್ಷದಲ್ಲಿ ವೇರಿಯಬಲ್ (ಕೆಲಸದ ಫಲಿತಾಂಶ ನೋಡಿ ಕೊಡುವ ಭಾಗ) 80,000, ಕಂಪನಿ ಕಟ್ಟುವ ಪಿಎಫ್ 48,000, ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡುವ ಇಡಿಗಂಟು) ಲೆಕ್ಕಕ್ಕೆ ಸುಮಾರು 19,000. ಉಳಿದದ್ದು ತಿಂಗಳಿಗೆ 54,000 ಚಿಲ್ಲರೆ. ನಿಮ್ಮ ಪಾಲಿನ ಪಿಎಫ್ 4,000, ಪ್ರೊಫೆಷನಲ್ ಟ್ಯಾಕ್ಸ್ 200 ಹೋಗಿ ಕೈಗೆ 50,000 ಬಂದರೆ ಹೆಚ್ಚು. ಹೊಸ ಕಂಪನಿಯವರು 10 ಲಕ್ಷ ಅಂದಾಗಲೂ ಕೇಳಿ: ಫಿಕ್ಸೆಡ್ ಎಷ್ಟು, ಜಾಯ್ನಿಂಗ್ ಬೋನಸ್ಸನ್ನೂ ಇದರಲ್ಲೇ ಸೇರಿಸಿದ್ದೀರಾ? ಎಷ್ಟೋ ಸಲ ಸೇರಿಸಿರುತ್ತಾರೆ, ಎರಡನೇ ವರ್ಷ ಅದು ಮಾಯ.

ಸಂಖ್ಯೆ ಹೇಳಿದ ಉಸಿರಿನಲ್ಲೇ ಇದನ್ನೂ ಸೇರಿಸಿ: "ಇದು ಮೂರು ವರ್ಷದ ಹಿಂದೆ ಸೇರಿದಾಗ ನಿಗದಿಯಾದ ಸಂಬಳ, ಈಗ ಮಾರ್ಕೆಟ್‌ನಲ್ಲಿ ಈ ಕೆಲಸಕ್ಕೆ 12ರಿಂದ 14 ಲಕ್ಷ ಇದೆ, ನನ್ನ ನಿರೀಕ್ಷೆ 13." ಇದನ್ನು ಹೇಳುವ ಮುಂಚೆ ಅದೇ ಕೆಲಸದಲ್ಲಿರುವ ಇಬ್ಬರು ಮೂವರು ಗೆಳೆಯರನ್ನು ಕೇಳಿ ಸಂಖ್ಯೆ ಗಟ್ಟಿ ಮಾಡಿಕೊಳ್ಳಿ.

ಸುಳ್ಳು ಮಾತ್ರ ಬೇಡ. ಮೂರು ತಿಂಗಳ ಪೇಸ್ಲಿಪ್, ಫಾರ್ಮ್ 16 (ಸಂಬಳ, ಕಡಿತವಾದ ತೆರಿಗೆ ತೋರಿಸಿ ಕಂಪನಿ ಕೊಡುವ ಪತ್ರ), ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳೇ ಕೇಳುತ್ತಾರೆ. ವೆರಿಫಿಕೇಶನ್‌ನಲ್ಲಿ ಸಿಕ್ಕಿಬಿದ್ದರೆ ಆಫರ್ ವಾಪಸ್, ಅಷ್ಟರಲ್ಲಿ ಹಳೇ ಕೆಲಸಕ್ಕೂ ರಾಜೀನಾಮೆ ಕೊಟ್ಟಿರುತ್ತೀರಿ.

ಪೇಸ್ಲಿಪ್ಪನ್ನು ಇಂಟರ್‌ವ್ಯೂ ಮುಂಚೆಯೇ ಕೇಳಿದರೆ, "ಆಫರ್ ಸಂಖ್ಯೆ ಇಮೇಲ್‌ನಲ್ಲಿ ಬಂದ ಮೇಲೆ ಕಳಿಸುತ್ತೇನೆ" ಅನ್ನಿ. ಕೆಲವರು ಒಪ್ಪುತ್ತಾರೆ, ಕೆಲವರು ಮತ್ತೆ ಫೋನೇ ಮಾಡುವುದಿಲ್ಲ. ಕೈಯಲ್ಲಿ ಬೇರೆ ಆಫರ್ ಇದ್ದಾಗ ಮಾತ್ರ ಇದನ್ನು ಪ್ರಯೋಗಿಸಿ.