ತವರಿನ ಜಮೀನಿನಲ್ಲಿ ಹೆಣ್ಣುಮಗಳ ಪಾಲು: ಸಹಿ ಹಾಕುವ ಮುನ್ನ ನೋಡಬೇಕಾದ ಕಾಗದಪತ್ರಗಳು

ಹೆಣ್ಣುಮಗಳ ಪಾಲು ಕೈತಪ್ಪುವುದು ಸಾಮಾನ್ಯವಾಗಿ ತಂದೆಯ ತಿಥಿ ಮುಗಿದ ಮೇಲೆ, ಪೌತಿ ಖಾತೆ (ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ಮಾಡಿಸಬೇಕೆಂದು ಅಣ್ಣತಮ್ಮಂದಿರು ಮುಂದಿಟ್ಟ ಕಾಗದಕ್ಕೆ ಆಕೆ ಓದದೆ ಸಹಿ ಹಾಕುವ ಹೊತ್ತಿನಲ್ಲಿ. ಹಕ್ಕು ಕಾನೂನಿನಲ್ಲಿದ್ದರೂ ಅದು ಉಳಿಯುವುದೋ ಅಳಿಯುವುದೋ ನಾಡಕಚೇರಿಯ ಮತ್ತು ಉಪನೋಂದಣಿ ಕಚೇರಿಯ ಕಾಗದಗಳಲ್ಲಿ ತೀರ್ಮಾನವಾಗುವುದರಿಂದ ಅವುಗಳ ಪರಿಚಯ ಅಗತ್ಯ.

ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕವು ತನ್ನದೇ ತಿದ್ದುಪಡಿ ತಂದು 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತ್ತಾದರೂ, ಅಷ್ಟರೊಳಗೆ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಮೇಲೆ ಮದುವೆಯಾದ ಮಗಳೂ ಮಗನಂತೆ ಹುಟ್ಟಿನಿಂದಲೇ ಪಾಲುದಾರಳು. ಆ ದಿನ ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲವೆಂದು ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ 2020ರಲ್ಲಿ ಸ್ಪಷ್ಟಪಡಿಸಿತು. ಆದರೆ 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಾಯಿತ ಪತ್ರದ ಮೂಲಕವೋ ನ್ಯಾಯಾಲಯದ ಡಿಕ್ರಿಯ ಮೂಲಕವೋ ಆಗಿಹೋದ ವಿಭಾಗವನ್ನು ಈ ಕಾಯ್ದೆಯ ಬಲದಿಂದ ಮತ್ತೆ ತೆರೆಯಲಾಗದು. "ಆಗಲೇ ಬಾಯಿಮಾತಿನಲ್ಲಿ ಹಂಚಿಕೊಂಡಿದ್ದೆವು" ಎಂಬ ವಾದವನ್ನು ಮಾತ್ರ ನ್ಯಾಯಾಲಯ ಬಲವಾದ ದಾಖಲೆಯಿಲ್ಲದೆ ಸುಲಭವಾಗಿ ಒಪ್ಪುವುದಿಲ್ಲ. ಮುಸ್ಲಿಂ ಮತ್ತು ಕ್ರೈಸ್ತ ಕುಟುಂಬಗಳಿಗೆ ಬೇರೆ ಕಾನೂನುಗಳಿವೆ.

ಮೊದಲ ಕೆಲಸ, ಪ್ರತಿ ಸರ್ವೆ ನಂಬರಿನ ಪಹಣಿಯನ್ನು (ಜಮೀನಿನ ಒಡೆತನ, ಬೆಳೆಗಳ ವಿವರವಿರುವ ಕಂದಾಯ ದಾಖಲೆಯನ್ನು) 'ಭೂಮಿ' ಜಾಲತಾಣದಲ್ಲಿ ಅಥವಾ ನಾಡಕಚೇರಿಯಲ್ಲಿ ಪಡೆದು, ಒಡೆತನ ಯಾರ ಹೆಸರಿನಲ್ಲಿದೆ, ಅದು ಯಾವ ಮ್ಯುಟೇಶನ್ (ಖಾತೆ ಬದಲಾವಣೆ) ಮೂಲಕ ಬಂತು ಎಂದು ನೋಡುವುದು. ಆ ಮ್ಯುಟೇಶನ್ನಿನ ನಕಲನ್ನೂ ಪಡೆದರೆ ಜಮೀನು ಅಜ್ಜನಿಂದ ಬಂದದ್ದೋ, ತಂದೆ ಸ್ವಂತ ದುಡಿಮೆಯಿಂದ ಕೊಂಡದ್ದೋ ತಿಳಿಯುತ್ತದೆ. ಈ ವ್ಯತ್ಯಾಸ ಮುಖ್ಯವಾದುದು. ಸ್ವಯಾರ್ಜಿತ ಆಸ್ತಿಯನ್ನು ತಂದೆ ಯಾರಿಗೆ ಬೇಕಾದರೂ ಉಯಿಲು ಬರೆಯಬಹುದು; ಉಯಿಲು ಬರೆಯದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ತಂದೆಯ ತಾಯಿ, ಎಲ್ಲರಿಗೂ ಸಮಪಾಲು. ಜಮೀನು ಮಾರಾಟವಾಗಿದೆಯೇ, ಅಡಮಾನಕ್ಕಿದೆಯೇ ಎಂಬುದು ಋಣಭಾರ ಪ್ರಮಾಣಪತ್ರದಲ್ಲಿ ಸಿಗುತ್ತದೆ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ವಂಶವೃಕ್ಷದ ವಿಷಯದಲ್ಲಿ. ಪೌತಿ ಖಾತೆಗೆ ಆಧಾರವಾಗುವ ಈ ಪತ್ರದಲ್ಲಿ ಗಂಡುಮಕ್ಕಳ ಹೆಸರನ್ನಷ್ಟೇ ಬರೆಸಿ ಹೆಣ್ಣುಮಕ್ಕಳನ್ನು ಬಿಟ್ಟುಬಿಡುವ ಅಭ್ಯಾಸ ಇನ್ನೂ ಹೋಗಿಲ್ಲ. "ಕೊಟ್ಟ ಮನೆಗೆ ಹೋದವಳು, ಅವಳ ಹೆಸರೇಕೆ" ಎಂಬ ಮಾತಿಗೆ ಊರಿನ ಪಂಚರೂ ತಲೆಯಾಡಿಸುತ್ತಾರೆ. ಆದ್ದರಿಂದ ತಂದೆ ತೀರಿಕೊಂಡ ಬಳಿಕ ತಡಮಾಡದೆ, ಎಲ್ಲ ವಾರಸುದಾರರ ಹೆಸರೂ ಸೇರಬೇಕೆಂದು ಗ್ರಾಮ ಆಡಳಿತಾಧಿಕಾರಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಬೇಕು. ಖಾತೆ ಬದಲಾವಣೆಯ ನೋಟಿಸು ಹೊರಟಿದ್ದರೆ, ಅದರಲ್ಲಿ ಹೇಳಿದ ಅವಧಿಯೊಳಗೆ ತಕರಾರು ಅರ್ಜಿ ಸಲ್ಲಿಸಬೇಕು. ತಕರಾರು ದಾಖಲಾದ ಮೇಲೆ ವಿಚಾರಣೆ ನಡೆಯದೆ ಖಾತೆ ಬದಲಾಗಕೂಡದು. ಹೆಸರು ಬಿಟ್ಟುಹೋಗಿ ಖಾತೆ ಆಗಿಯೇಹೋಗಿದ್ದರೂ ಎದೆಗುಂದಬೇಕಿಲ್ಲ, ಏಕೆಂದರೆ ಖಾತೆ ಕಂದಾಯದ ದಾಖಲೆಯೇ ಹೊರತು ಒಡೆತನವನ್ನು ಅದು ಹುಟ್ಟಿಸುವುದೂ ಇಲ್ಲ, ಅಳಿಸುವುದೂ ಇಲ್ಲ. ಹಾಗಿದ್ದರೂ ಪಹಣಿಯಲ್ಲಿ ಹೆಸರಿಲ್ಲದವಳಿಗೆ ಬೆಳೆಸಾಲ, ಬೆಳೆ ಪರಿಹಾರ ದೊರೆಯುವುದು ಕಷ್ಟ.

ಸಹಿ ಕೇಳುವ ಕಾಗದದ ತಲೆಬರಹವನ್ನು ಮೊದಲು ಓದಬೇಕು. 'ಹಕ್ಕು ಬಿಡುಗಡೆ ಪತ್ರ' ಅಥವಾ 'ಹಕ್ಕು ಖುಲಾಸೆ ಪತ್ರ' ಎಂದಿದ್ದು, ಉಪನೋಂದಣಿ ಕಚೇರಿಗೆ ಬಂದು ಹೆಬ್ಬೆಟ್ಟು ಮತ್ತು ಫೋಟೋ ಕೊಡಬೇಕೆಂದರೆ ಅದು ಪಾಲನ್ನು ಪೂರ್ತಿಯಾಗಿ ಬಿಟ್ಟುಕೊಡುವ ಪತ್ರ; "ಖಾತೆಗೆ ಸುಮ್ಮನೆ ಒಂದು ಸಹಿ" ಎನ್ನುವ ವಿವರಣೆಯನ್ನು ನಂಬಬಾರದು. ನೋಂದಣಿಯಾಗದ ಬರಿಯ ಛಾಪಾ ಕಾಗದದ ಒಪ್ಪಿಗೆಯಿಂದ ಸ್ಥಿರಾಸ್ತಿಯ ಹಕ್ಕು ಹೋಗುವುದಿಲ್ಲವಾದರೂ, ಮುಂದೆ ಅದನ್ನೇ ಸಾಕ್ಷಿಯಾಗಿ ತೋರಿಸುವ ಸಂಭವವಿರುತ್ತದೆ. ಮನಸಾರೆ ಪಾಲು ಬಿಟ್ಟುಕೊಡುವವರು ಬಿಡಲಿ, ಅದು ಅವರ ಇಷ್ಟ. ಆದರೆ ಗೌರಿ ಹಬ್ಬದ ಬಾಗಿನ ನಿಂತುಹೋದೀತೆಂಬ ಅಂಜಿಕೆಯಿಂದ ಹಾಕಿದ ಸಹಿಯನ್ನು ಮನಸಾರೆ ಬಿಟ್ಟದ್ದೆಂದು ಕರೆಯುವುದು ಕಷ್ಟ. ಮೋಸದಿಂದ ಸಹಿ ಪಡೆದಿದ್ದರೆ, ಅದು ಗೊತ್ತಾದ ಮೂರು ವರ್ಷದೊಳಗೆ ಪತ್ರದ ರದ್ದತಿಗೆ ದಾವೆ ಹೂಡಬೇಕಾಗುತ್ತದೆ.

ಮಾತುಕತೆಗೆ ಕೂರುವಾಗ ಪಹಣಿಯ ನಕಲು ಎದುರಿಗಿರಲಿ, ತಾಯಿಯ ಪಾಲನ್ನೂ ಮರೆಯದೆ ಪ್ರಸ್ತಾಪಿಸಿ. ಮದುವೆಗೆ ಮಾಡಿದ ಖರ್ಚನ್ನೋ ಕೊಟ್ಟ ಚಿನ್ನವನ್ನೋ ಪಾಲಿನ ಲೆಕ್ಕಕ್ಕೆ ಹಿಡಿಯುವ ವಾದ ಬಂದೇ ಬರುತ್ತದೆ. ಮದುವೆಯ ಖರ್ಚು ಮಾಡಿದ್ದರಿಂದ ಹುಟ್ಟಿನಿಂದ ಬಂದ ಹಕ್ಕು ಕರಗುವುದಿಲ್ಲ. ಆದರೆ ಕುಟುಂಬದ ಸಾಲದ ಹೊಣೆ ಮಗಳ ಪಾಲಿಗೂ ಬರುತ್ತದೆ. ಒಪ್ಪಂದವಾದರೆ ವಿಭಾಗ ಪತ್ರವನ್ನು ನೋಂದಾಯಿಸಿ, ಪಹಣಿಯಲ್ಲಿ ಹೆಸರು ಬರುವವರೆಗೂ ಬೆನ್ನುಹತ್ತಬೇಕು.

ಒಪ್ಪಂದವಾಗದಿದ್ದರೆ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಡಬಹುದು. 1987ರ ಕಾಯ್ದೆಯಂತೆ ಮಹಿಳೆಯರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವಿಗೆ ಅರ್ಹರು. ವಿಭಾಗದ ದಾವೆಯ ಜೊತೆಗೆ, ಜಮೀನನ್ನು ಪರಭಾರೆ ಮಾಡದಂತೆ ತಾತ್ಕಾಲಿಕ ತಡೆಯಾಜ್ಞೆಯನ್ನೂ ಕೇಳಬೇಕು. ಆದೇಶ ಸಿಕ್ಕ ಕೂಡಲೇ ಅದರ ಪ್ರತಿಯನ್ನು ತಹಶೀಲ್ದಾರರಿಗೂ ಉಪನೋಂದಣಾಧಿಕಾರಿಗೂ ತಲುಪಿಸಿ ಸ್ವೀಕೃತಿ ಪಡೆದುಕೊಳ್ಳಬೇಕು.