ನಮ್ಮ ಡಿಟಿಪಿ ಅಂಗಡಿಗೆ ಯಾವ ಕಂಪ್ಯೂಟರ್? ನನ್ನ ಅನುಭವ

ಮದುವೆ ಕಾರ್ಡು, ಪ್ರಶ್ನೆಪತ್ರಿಕೆ, ಸ್ಮರಣ ಸಂಚಿಕೆ, ಇವೇ ನನ್ನ ಅಂಗಡಿಯ ಕೆಲಸ. ಹದಿನೆಂಟು ವರ್ಷದಿಂದ ವಿಂಡೋಸ್ ಮುಂದೆಯೇ ಕೂತಿದ್ದೇನೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಉಚಿತ ಬೆಂಬಲ ನಿಂತಿತು. ನನ್ನ ಎರಡೂ ಸಿಸ್ಟಮ್‌ಗಳಲ್ಲಿ ಇರುವುದು ಇಂಟೆಲ್ ಆರನೇ ತಲೆಮಾರಿನ ಪ್ರೊಸೆಸರ್. ವಿಂಡೋಸ್ 11 ಕೇಳುವುದು ಎಂಟನೆಯದು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್. ಚೆನ್ನಾಗಿ ಓಡುತ್ತಿರುವುದನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ.

ಮೊದಲು ಲಿನಕ್ಸ್ ಮಿಂಟ್ ನೋಡಿದೆ, ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್ ಅದು. ಪೆನ್‌ಡ್ರೈವ್‌ನಿಂದಲೇ ಓಡಿಸಬಹುದು, ಹಾರ್ಡ್‌ಡಿಸ್ಕ್ ಮುಟ್ಟಬೇಕಿಲ್ಲ. ನನ್ನ ಭಯವೆಲ್ಲ ಟೈಪಿಂಗ್‌ದು. ಕೈಗೆ ಕೂತಿರುವುದು ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆ. ಸೆಟ್ಟಿಂಗ್ಸ್‌ನಲ್ಲಿ ‘ಕಗಪ’ ಅಂತ ಅದೇ ಸಿಕ್ಕಿತು. ಎ, ಕೆ, ಎಫ್, ಕೆ ಒತ್ತಿದೆ, ‘ಅಕ್ಕ’ ಮೂಡಿತು. ತುಂಬಾ ಖುಷಿಯಾಯಿತು. ಎಸ್‌ಎಸ್‌ಡಿ ಹಾಕಿಸಿ ಒಂದು ಸಿಸ್ಟಮ್‌ಗೆ ಮಿಂಟ್ ಇಳಿಸಿಯೇಬಿಟ್ಟೆ. ಪ್ರಿಂಟರ್ ಮಾತ್ರ ಎರಡು ದಿನ ಸತಾಯಿಸಿತು. ಅದಕ್ಕೆ ಲಿನಕ್ಸ್ ಡ್ರೈವರ್ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ.

ಆಮೇಲೆ ಮೇಷ್ಟ್ರೊಬ್ಬರು ಪೆನ್‌ಡ್ರೈವ್ ಹಿಡಿದು ಬಂದರು. “ಅಣ್ಣಾ, 2009ರ ಸಂಚಿಕೆ ಇದು. ನಾಲ್ಕು ಪುಟ ತಿದ್ದಿಕೊಡಿ ಸಾಕು.” ಪುಟ ಜೋಡಿಸುವ ಹಳೆಯ ಸಾಫ್ಟ್‌ವೇರ್ ಪೇಜ್‌ಮೇಕರ್‌ನ ಫೈಲು. ಪೇಜ್‌ಮೇಕರ್ ಲಿನಕ್ಸ್‌ಗೆ ಬಂದೇ ಇಲ್ಲ. ಜೊತೆಗಿದ್ದ ವರ್ಡ್ ಫೈಲ್ ತೆರೆದರೆ ಕನ್ನಡವೇ ಇಲ್ಲ, ತಲೆ ಮೇಲೆ ಚುಕ್ಕೆ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು. ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ‘ನುಡಿ’ಯ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಫಾಂಟ್ ಇಲ್ಲದಿದ್ದರೆ ಓದಲು ಆಗುವುದಿಲ್ಲ. ಯಾವ ಕಂಪ್ಯೂಟರ್‌ನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಿಸಿದರೂ ಸಾಲು ಸಾಲು ಓದಲೇಬೇಕು. ಮುಖ್ಯವಾಗಿ ಅರ್ಕಾವತ್ತು. ‘ಸೂರ್ಯ’ದಲ್ಲಿ ಹಳೆಯ ಫಾಂಟಿನ ಅರ್ಕಾವತ್ತು ‘ಯ’ ಆದಮೇಲೆ ಬರುತ್ತದೆ, ಯೂನಿಕೋಡ್‌ನಲ್ಲಿ ‘ರ’ ಮೊದಲು. ಇಂಥ ಕಡೆ ತಪ್ಪು ಜಾಸ್ತಿ ನುಸುಳುತ್ತದೆ. ಆ ನಾಲ್ಕು ಪುಟವನ್ನು ವಿಂಡೋಸ್‌ನಲ್ಲೇ ತಿದ್ದಿಕೊಟ್ಟೆ.

ತಂಗಿಯ ಮ್ಯಾಕ್‌ಬುಕ್ ಏರ್ ಹದಿನೈದು ದಿನ ನನ್ನ ಹತ್ತಿರ ಇತ್ತು, 2020ರ ಎಂ1 ಚಿಪ್‌ನದು. ಫ್ಯಾನ್ ಇಲ್ಲ, ಸದ್ದಿಲ್ಲ. ಬೆಳಗ್ಗೆ ಚಾರ್ಜ್ ಮಾಡಿದರೆ ಸಂಜೆವರೆಗೂ ಚಿಂತೆಯಿಲ್ಲ. ಕರೆಂಟ್ ಹೋಗಿ ಬರುವ ನಮ್ಮೂರಲ್ಲಿ ಇದು ಸಣ್ಣ ಮಾತಲ್ಲ. ಯೂನಿಕೋಡ್ ಕನ್ನಡವೂ ಕಣ್ಣಿಗೆ ಹಿತವಾಗಿ ಕಾಣುತ್ತದೆ. ಆದರೆ ಕೊಂಡಮೇಲೆ ರ‍್ಯಾಮ್ ಹೆಚ್ಚಿಸಲು ಬರುವುದಿಲ್ಲ. ನನ್ನ ಸಿಸ್ಟಮ್‌ಗೆ ಮುಚ್ಚಳ ಬಿಚ್ಚಿ 8 ಜಿಬಿ ನಾನೇ ಹಾಕಿದ್ದೆ. ಎಂ1ನಲ್ಲಿ ಮ್ಯಾಕ್‌ನಲ್ಲೇ ವಿಂಡೋಸ್ ಹಾಕಿಕೊಳ್ಳುವ ಬೂಟ್ ಕ್ಯಾಂಪ್ ಕೂಡ ಇಲ್ಲ, ಹಾಗಾಗಿ ವಿಂಡೋಸ್ ಪಕ್ಕದಲ್ಲಿ ಇಟ್ಟುಕೊಳ್ಳುವುದು ಸುಲಭವಲ್ಲ. ಬರೆಯುವವರಿಗೆ ಮ್ಯಾಕ್ ಕೊಳ್ಳಿ ಅಂತ ಧೈರ್ಯವಾಗಿ ಹೇಳುತ್ತೇನೆ. ಹಳೆಯ ನುಡಿ ಫೈಲುಗಳ ರಾಶಿ ಇರುವ ನನ್ನಂಥವರಿಗೆ ಹೇಳಲಾರೆ.

ಈಗ ಹೊಸ ಕೆಲಸವೆಲ್ಲ ಮಿಂಟ್‌ನಲ್ಲಿ, ಯೂನಿಕೋಡ್‌ನಲ್ಲಿ. ಇನ್ನೊಂದರಲ್ಲಿ ವಿಂಡೋಸ್ 10 ಹಾಗೇ ಇದೆ, ಇಂಟರ್ನೆಟ್ ವೈರ್ ಕಿತ್ತಿಟ್ಟಿದ್ದೇನೆ. ಹಳೆಯ ಫೈಲುಗಳನ್ನು ದಿನಕ್ಕೆ ಎರಡರಂತೆ ಬದಲಿಸುತ್ತಾ 2012ರವರೆಗೆ ಬಂದಿದ್ದೇನೆ.