ಹತ್ತರಿಂದ ಹನ್ನೆರಡೂವರೆ

2020ರ ಜನವರಿ 31ರಂದು ಬಿಎಸ್‌ಎನ್‌ಎಲ್‌ನಿಂದ ದೇಶದಾದ್ಯಂತ 78,000ಕ್ಕೂ ಹೆಚ್ಚು ಮಂದಿ ಒಂದೇ ದಿನ ಸ್ವಯಂ ನಿವೃತ್ತಿ ಪಡೆದರು. ಅವರಲ್ಲಿ ನಾನೂ ಒಬ್ಬಳು. ಐವತ್ತು ತುಂಬಿದವರಿಗೆಲ್ಲ ಅವಕಾಶವಿತ್ತು, ನನಗೆ ಐವತ್ತೈದಾಗಿತ್ತು. ಮುಗಿಸಿದ ಪ್ರತಿ ವರ್ಷಕ್ಕೆ 35 ದಿನದ ಸಂಬಳ, ಉಳಿದಿದ್ದ ಪ್ರತಿ ವರ್ಷಕ್ಕೆ 25 ದಿನದ ಸಂಬಳ ಲೆಕ್ಕ ಹಾಕಿ, ಒಂದು ಮಿತಿಯೊಳಗೆ ಇಡುಗಂಟು ಕೊಡುತ್ತಾರೆ, ಜೊತೆಗೆ ಪಿಂಚಣಿಯೂ ಇರುತ್ತದೆ ಎಂದಾಗ ನಾನು ಬಹಳ ಎಣಿಸಿ ಗುಣಿಸಲಿಲ್ಲ. 1980ರ ದಶಕದಲ್ಲಿ ಟ್ರಂಕ್ ಕಾಲ್, ಅಂದರೆ ಊರಿಂದೂರಿಗೆ ಮಾಡುವ ಕರೆ, ಜೋಡಿಸುವ ಆಪರೇಟರ್ ಆಗಿ ಸೇರಿದವಳು ನಾನು. ಜನ ತಾವೇ ನೇರವಾಗಿ ಬೇರೆ ಊರಿಗೆ ಡಯಲ್ ಮಾಡುವ ಎಸ್‌ಟಿಡಿ ಬಂದು ಆ ಕೆಲಸವೇ ಇಲ್ಲವಾಯಿತು. ಆಮೇಲೆ ಬಿಲ್ಲಿನ ವಿಭಾಗ, ದೂರಿನ ವಿಭಾಗ, ಗ್ರಾಹಕ ಸೇವೆಯ ಕೌಂಟರು ಎಂದು ಕೂರಿಸಿದಲ್ಲಿ ಕೂತೆ. ಹೊರಡುವಾಗ ಕಣ್ಣೀರೇನೂ ಬರಲಿಲ್ಲ.

ಕಚೇರಿ ನೆನಪಾಗುತ್ತದೆ ಎಂದು ಎಲ್ಲರೂ ಹೇಳಿದ್ದರು. ನನಗೆ ನೆನಪಾದದ್ದು ರೈಲು.

ಮದುವೆಯಾಗಿ ತುಮಕೂರಿಗೆ ಬಂದ ಮೇಲೂ ನನ್ನ ಕೆಲಸ ಬೆಂಗಳೂರಿನಲ್ಲೇ ಇತ್ತು. ಹೋಗಲು 70 ಕಿಲೋಮೀಟರ್, ಬರಲು ಅಷ್ಟೇ. ಕ್ಯಾತ್ಸಂದ್ರ, ಹಿರೇಹಳ್ಳಿ, ದಾಬಸ್‌ಪೇಟೆ, ನಿಡವಂದ ದಾಟಿ ಮಲ್ಲೇಶ್ವರದಲ್ಲಿ ಇಳಿಯುವ ಹೆಂಗಸರ ಗುಂಪು ನಮ್ಮದು. ಹುರುಳಿಕಾಯಿ ನಾರು ತೆಗೆಯುವುದು, ಹೂ ಕಟ್ಟುವುದು, ಸೀರೆ ಚೀಟಿಯ ಲೆಕ್ಕ, ಮಕ್ಕಳ ಅಂಕಪಟ್ಟಿ, ಒಬ್ಬರ ಮೇಲೊಬ್ಬರ ಮುನಿಸು, ಎಲ್ಲವೂ ಆ ಬೋಗಿಯಲ್ಲೇ ನಡೆಯುತ್ತಿತ್ತು. ಕೆಲವೊಮ್ಮೆ ಯಾರೊಂದಿಗೂ ಮಾತಾಡದೆ ಕಿಟಕಿಗೆ ತಲೆಯಾನಿಸಿ ಕೂರುತ್ತಿದ್ದೆ, ಯಾರೂ ಏಕೆಂದು ಕೇಳುತ್ತಿರಲಿಲ್ಲ. ಅಷ್ಟು ಹೊತ್ತು ನಾನು ಯಾರ ಸೊಸೆಯೂ ಅಲ್ಲ, ಯಾರ ಕೈಕೆಳಗಿನವಳೂ ಅಲ್ಲ. ರೈಲಿನ ಪ್ರಯಾಣವನ್ನು ದಣಿವು ಎಂದೇ ಲೆಕ್ಕ ಹಾಕುತ್ತಿದ್ದ ನಮ್ಮ ಮನೆಯವರಿಗೆ, "ಇನ್ನು ಆ ರೈಲಿನ ಕಾಟ ತಪ್ಪಿತಲ್ಲ" ಎಂಬುದೇ ದೊಡ್ಡ ಸಮಾಧಾನ.

ನಿವೃತ್ತಿಯಾದ ಗಂಡಸಿಗೆ ಹೊತ್ತು ಹೋಗುವುದಿಲ್ಲ ಎನ್ನುತ್ತಾರೆ. ಹೆಂಗಸಿನ ತೊಂದರೆಯೇ ಬೇರೆ. ಅವಳ ಹೊತ್ತನ್ನು ಹಂಚಿಕೊಳ್ಳಲು ಮನೆ, ಬೀದಿ, ನೆಂಟರು ಎಲ್ಲರೂ ಮೊದಲೇ ಸಾಲಾಗಿ ನಿಂತಿರುತ್ತಾರೆ. ನಾನು ಮನೆಗೆ ಬಂದದ್ದು ಅವರೆಕಾಯಿ ಕಾಲದ ಕೊನೆಗೆ. ಎಷ್ಟೋ ವರ್ಷಗಳಿಂದ ಭಾನುವಾರಕ್ಕೆ ಮಾತ್ರ ಇದ್ದ ಹಿತಕಿದ ಬೇಳೆ ಸಾರು ಆ ಫೆಬ್ರುವರಿಯಲ್ಲಿ ದಿನ ಬಿಟ್ಟು ದಿನ ಎಲ್ಲರಿಗೂ ನೆನಪಾಗತೊಡಗಿತು. ಕಾಯಿ ಸುಲಿದು, ರಾತ್ರಿ ನೆನೆಹಾಕಿ, ಬೆಳಗ್ಗೆ ಒಂದೊಂದೇ ಕಾಳು ಹಿತುಕಲು ಎಷ್ಟು ಹೊತ್ತು ಬೇಕೆಂದು ಉಣ್ಣುವವರಿಗೆ ತಿಳಿಯುವುದಿಲ್ಲ. ಅದು ಮುಗಿಯುವಷ್ಟರಲ್ಲಿ ಹುಣಸೆಹಣ್ಣು. ಶಿರಾದಲ್ಲಿರುವ ನಾದಿನಿ ಎರಡು ಚೀಲ ಕಳಿಸಿ, "ಅತ್ತಿಗೆ, ಹೇಗೂ ಮನೆಯಲ್ಲೇ ಇದ್ದೀರಿ, ಬೀಜ ತೆಗೆದು ಉಪ್ಪು ಹಾಕಿಟ್ಟರೆ ಬಂದು ತೆಗೆದುಕೊಂಡು ಹೋಗುತ್ತೇನೆ" ಎಂದಳು. "ಹೇಗೂ ಮನೆಯಲ್ಲೇ ಇದ್ದೀರಿ" ಎಂಬುದನ್ನು ಆ ತಿಂಗಳಲ್ಲಿ ನಾನು ಎಲ್ಲರ ಬಾಯಲ್ಲೂ ಕೇಳಿದೆ. ಪಕ್ಕದ ಮನೆಯವರು ಗ್ಯಾಸ್ ಸಿಲಿಂಡರ್ ಬಂದರೆ ಇಳಿಸಿಕೊಳ್ಳಿ ಎಂದು ದುಡ್ಡು ಕೊಟ್ಟು ಹೋಗುತ್ತಿದ್ದರು. ಎದುರು ಮನೆಯವರಿಗೆ ಮಾತ್ರ ಬೇರೆ ಚಿಂತೆ: "ಏನಾದರೂ ಕಾಯಿಲೆಯೇ? ಅಥವಾ ಅವರೇ ತೆಗೆದುಬಿಟ್ಟರೇ?"

ನಾನು ಮಾಡಿದ ಮೊದಲ ಕೆಲಸ, ಬೆಳಗಿನ ಅಡುಗೆಮನೆಗೆ ಹೋಗದೆ ಉಳಿದದ್ದು. ಕೇಳಲು ಸೋಮಾರಿತನದಂತಿದೆ. ಆದರೆ ನಾನು ರೈಲು ಹಿಡಿಯುತ್ತಿದ್ದ ಅಷ್ಟೂ ವರ್ಷ ವಾರದ ದಿನಗಳ ಬೆಳಗಿನ ಅಡುಗೆ ಅತ್ತೆಯದು. ಎಂಬತ್ತು ದಾಟಿದ್ದರೂ ಒಗ್ಗರಣೆ ಡಬ್ಬಿ ಎಲ್ಲಿರಬೇಕು, ಮುದ್ದೆಯ ಹಿಟ್ಟಿಗೆ ನೀರು ಎಷ್ಟು ಕುದಿಯಬೇಕು ಎಂಬುದು ಅವರ ಮಾತಿನಂತೆಯೇ ನಡೆಯುತ್ತಿತ್ತು. ನಾನು ಮನೆಗೆ ಬಂದೊಡನೆ ಅವರೂ ಕೆಲಸ ಬಿಡಬೇಕು ಎಂದು ಮನೆಮಂದಿಯೆಲ್ಲ ತೀರ್ಮಾನಿಸಿಬಿಟ್ಟಿದ್ದರು. ಅತ್ತೆಯನ್ನು ಯಾರೂ ಕೇಳಲಿಲ್ಲ. ನಾನು ಕೇಳಿದೆ. "ನನ್ನನ್ನು ಮೂಲೆಯಲ್ಲಿ ಕೂರಿಸಬೇಡ ಕಣಮ್ಮ, ಭಾರ ಎತ್ತುವುದಿದ್ದರೆ ಮಾತ್ರ ಬಾ" ಎಂದರು. ಬೆಳಗಿನದು ಅವರಿಗೆ, ರಾತ್ರಿಯದು ನನಗೆ ಎಂದು ನಾವಿಬ್ಬರೇ ಮಾತಾಡಿಕೊಂಡೆವು. ಸಾರಿನ ರುಚಿಯ ಬಗ್ಗೆ ಒಬ್ಬರಿಗೊಬ್ಬರು ಏನೂ ಹೇಳಬಾರದು ಎಂಬುದೂ ಒಪ್ಪಂದದಲ್ಲಿತ್ತು. ಅದನ್ನು ಅವರು ಪಾಲಿಸಲಿಲ್ಲ ಬಿಡಿ.

ಎರಡನೆಯದು, ಪಾತ್ರೆ ತೊಳೆದು ನೆಲ ಒರೆಸಲು ಬರುತ್ತಿದ್ದ ಹೆಂಗಸನ್ನು ಬಿಡಿಸದೆ ಉಳಿಸಿಕೊಂಡದ್ದು. "ಸಂಬಳ ನಿಂತಿದೆ, ನೀನೇ ಮನೆಯಲ್ಲಿದ್ದೀಯ, ಅವಳೇಕೆ?" ಎಂದು ನಮ್ಮ ಯಜಮಾನರು ಲೆಕ್ಕದ ಮೇಷ್ಟ್ರ ಗತ್ತಿನಲ್ಲಿ ಕೇಳಿದರು. ಆ ಹಣ ನನ್ನ ಪಿಂಚಣಿಯಿಂದ ಹೋಗುತ್ತದೆ ಎಂದೆ. ಬೇಗ ನಿವೃತ್ತಿ ಪಡೆಯುವ ಹೆಂಗಸರು ಈ ಒಂದು ವಿಷಯದಲ್ಲಿ ಗಟ್ಟಿಯಾಗಿ ನಿಲ್ಲಬೇಕು. ಕೆಲಸದವಳನ್ನು ಬಿಡಿಸಿದ ದಿನವೇ ನೀವು ಹೊಸ ನೌಕರಿಗೆ ಸೇರಿದಿರಿ ಎಂದು ಲೆಕ್ಕ, ಅದೂ ಸಂಬಳವಿಲ್ಲದ, ರಜೆಯಿಲ್ಲದ, ನಿವೃತ್ತಿಯೇ ಇಲ್ಲದ ನೌಕರಿ. ನನ್ನ ರೈಲು ಗೆಳತಿಯೊಬ್ಬಳು ಬಿಡಿಸಿದಳು. ಮತ್ತೆ ಯಾರನ್ನಾದರೂ ಇಟ್ಟುಕೊಳ್ಳೋಣ ಎಂದು ಮನೆಯಲ್ಲಿ ಬಾಯಿ ಬಿಡಲು ಅವಳಿಗೆ ಆಗಲೇ ಇಲ್ಲ.

ಮೂರನೆಯದೇ ಮುಖ್ಯ. ತಿಂಡಿ ಮುಗಿದ ಮೇಲೆ ಹತ್ತು ಗಂಟೆಗೆ ಮನೆಯಿಂದ ಹೊರಟು ಹನ್ನೆರಡೂವರೆಗೆ ಹಿಂದಿರುಗುವುದು ಎಂದು ಗೊತ್ತುಮಾಡಿಕೊಂಡೆ. ಎಲ್ಲಿಗೆ, ಏಕೆ ಎಂದು ಹೇಳುತ್ತಿರಲಿಲ್ಲ. "ಹೋಗಿ ಬರುತ್ತೇನೆ" ಎಂದಷ್ಟೇ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹಾಗೆ ಹೇಳಿಯೇ ಹೊರಟವಳು ಈಗ ಕಾರಣ ಒಪ್ಪಿಸಬೇಕೇಕೆ? ಮೊದಮೊದಲು ಯಜಮಾನರು ಸಂಜೆ ಶಾಲೆಯಿಂದ ಬಂದು ಅತ್ತೆಯ ಬಳಿ ವಿಚಾರಿಸುತ್ತಿದ್ದರಂತೆ. ಅತ್ತೆ, "ಅವಳಿಗೆ ಏನೋ ಕೆಲಸವಿದೆ" ಎನ್ನುತ್ತಿದ್ದರಂತೆ. ಏನು ಕೆಲಸ ಎಂದು ಅವರಿಗೂ ಗೊತ್ತಿರಲಿಲ್ಲ. ಅದು ನನಗೆ ಮಾಡಿದ ದೊಡ್ಡ ಉಪಕಾರ.

ಹೊರಟದ್ದೇನೋ ಸರಿ, ಕೂರುವುದು ಎಲ್ಲಿ? ಐವತ್ತೈದರ ಹೆಂಗಸು ಕಾರಣವಿಲ್ಲದೆ ಎರಡು ಗಂಟೆ ಕೂರಬಹುದಾದ ಜಾಗ ತುಮಕೂರಿನಂಥ ಊರಿನಲ್ಲಿ ಎಷ್ಟಿವೆ, ನೀವೇ ಹೇಳಿ. ಗಂಡಸರಿಗೆ ಹೋಟೆಲಿನ ಮುಂಗಟ್ಟೆ ಇದೆ, ಒಂದು ಲೋಟ ಕಾಫಿಗೆ ರಾಜಕೀಯವೆಲ್ಲ ಮುಗಿಯುತ್ತದೆ. ಅರಳಿಕಟ್ಟೆ ಇದೆ, ಕ್ಷೌರದ ಅಂಗಡಿಯ ಬೆಂಚಿದೆ. ಹೆಂಗಸರಿಗೆ ದೇವಸ್ಥಾನ. ಅಲ್ಲಿಗೂ ಹೋದೆ. ಕೂತ ಸ್ವಲ್ಪ ಹೊತ್ತಿಗೇ ಪರಿಚಯದವರು ಬಂದು ಹೂ ಬಿಡಿಸಿಕೊಡಿ ಎಂದರು, ಇನ್ನೊಬ್ಬರು ಮಗಳಿಗೆ ಗಂಡು ನೋಡಿ ಎಂದರು. ಅಮಾನಿಕೆರೆಯ ನಡಿಗೆ ಹಾದಿ ಬೆಳಗ್ಗೆ ಸಂಜೆ ಚೆನ್ನ, ಹತ್ತು ಗಂಟೆಯ ಮೇಲೆ ಬಿಸಿಲು ತಲೆ ಸುಡುತ್ತದೆ, ನೆರಳಿದ್ದ ಬೆಂಚುಗಳಲ್ಲಿ ಕಾಲೇಜಿನ ಜೋಡಿಗಳು. ನನ್ನನ್ನು ಕಂಡು ಅವರು ಏಳುವುದು, ಅವರನ್ನು ಕಂಡು ನಾನು ಮುಂದೆ ನಡೆಯುವುದು, ಇಬ್ಬರಿಗೂ ಮುಜುಗರ.

ಕೊನೆಗೆ ಒಗ್ಗಿದ್ದು ಕೇಂದ್ರ ಗ್ರಂಥಾಲಯ. ಪತ್ರಿಕೆ ಓದುವ ಮೇಜುಗಳಲ್ಲಿ ಗಂಡಸರದೇ ರಾಜ್ಯ, ಸ್ಪರ್ಧಾ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಒಳಗಿನ ಮೇಜುಗಳಲ್ಲಿ. ನಾನು ಆ ಮಕ್ಕಳ ಕಡೆ ಕೂತೆ. ಅವರು ತಲೆಯೆತ್ತಿ ನೋಡುವವರಲ್ಲ, ನನಗೆ ಬೇಕಾದದ್ದೂ ಅದೇ. ಓದಿದ್ದು ಕಡಿಮೆ. ಎಷ್ಟೋ ದಿನ ವಾರಪತ್ರಿಕೆಯೊಂದನ್ನು ತೆರೆದಿಟ್ಟುಕೊಂಡು ಸುಮ್ಮನೆ ಕೂತಿದ್ದೇನೆ. ಸೋಮವಾರ ಅಲ್ಲಿ ರಜೆ, ಆ ದಿನ ಬ್ಯಾಂಕು, ಅಂಚೆ ಕಚೇರಿಯ ಕೆಲಸ. ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ದನಗಳ ಜಾತ್ರೆಗೆ ವಾರದ ದಿನವೊಂದರಲ್ಲಿ ಒಬ್ಬಳೇ ಹೋದೆ. ತುಮಕೂರಿನ ಸೊಸೆಯಾಗಿ ಇಷ್ಟು ವರ್ಷವಾದರೂ ಜಾತ್ರೆಗೆ ಬಂದ ನೆಂಟರಿಗೆ ಅಡುಗೆ ಮಾಡಿದ್ದೆನೇ ಹೊರತು ಜಾತ್ರೆಯ ಎತ್ತುಗಳನ್ನು ಕಂಡಿರಲಿಲ್ಲ.

ಉಡುಪಿನ ಮಾತು ಹೇಳಿದರೆ ನಗಬೇಡಿ. ಬೆಳಗ್ಗೆ ಸ್ನಾನ ಮಾಡಿ ಇಸ್ತ್ರಿ ಮಾಡಿದ ಹತ್ತಿ ಸೀರೆ ಉಡುವುದನ್ನು ನಾನು ಬಿಡಲಿಲ್ಲ. ನೈಟಿಯಲ್ಲಿರುವ ಹೆಂಗಸಿಗೆ ಯಾರು ಬೇಕಾದರೂ ಕೆಲಸ ಹೇಳುತ್ತಾರೆ.

ಹೀಗೆ ಒಂದು ಹದಕ್ಕೆ ಬರುವಷ್ಟರಲ್ಲಿ ಲಾಕ್‌ಡೌನ್. 2020ರ ಮಾರ್ಚ್ 25, ಯುಗಾದಿಯ ದಿನವೇ ಅದು ಶುರುವಾಯಿತು. ನಾನು ಮನೆಗೆ ಬಂದೆ, ನನ್ನ ಬೆನ್ನಿಗೇ ಊರಿಗೆ ಊರೇ ಮನೆಗೆ ಬಂತು. ಶಾಲೆ ಮುಚ್ಚಿ ಯಜಮಾನರು ಮನೆಯಲ್ಲಿ, ಬೆಂಗಳೂರಿನಲ್ಲಿದ್ದ ಮಗ ಲ್ಯಾಪ್‌ಟಾಪಿನೊಂದಿಗೆ ನಡುಮನೆಯಲ್ಲಿ. ಗ್ರಂಥಾಲಯಕ್ಕೆ ಬೀಗ. ಕೆಲಸದವಳು ಬರುವಂತಿರಲಿಲ್ಲ, ಅವಳ ಸಂಬಳವನ್ನು ಮಾತ್ರ ತಿಂಗಳು ತಿಂಗಳು ಕಳಿಸುತ್ತಿದ್ದೆ. ಪಾತ್ರೆ, ನೆಲ, ಬಟ್ಟೆಯನ್ನು ಅಪ್ಪ ಮಗ ಹಂಚಿಕೊಳ್ಳಬೇಕು ಎಂದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಅದೇ ಹತ್ತು ಗಂಟೆಗೆ ಮಹಡಿಯ ಮೇಲಿನ ನೀರಿನ ಟ್ಯಾಂಕಿನ ನೆರಳಿಗೆ ಕುರ್ಚಿ ಹಾಕಿಕೊಂಡು ಕೂತೆ. "ಅಮ್ಮ ಎಲ್ಲಿ?" ಎಂದರೆ ಅತ್ತೆಯ ಉತ್ತರ ಅದೇ: "ಅವಳಿಗೆ ಏನೋ ಕೆಲಸವಿದೆ."

ಆ ದಿನಗಳಲ್ಲಿ ಹಳೆಯ ಕಸುಬು ಸ್ವಲ್ಪ ಕೈ ಹಿಡಿಯಿತು. ರೈಲು ಹೊರಡುತ್ತಿದ್ದ ಹೊತ್ತಿಗೆ ನನಗೆ ಹೇಗೂ ಎಚ್ಚರವಾಗಿರುತ್ತಿತ್ತು. ವರ್ಷಗಟ್ಟಲೆ ಅಲಾರಂ ಇಟ್ಟು ಏಳಿಸಿದ ಮೈ, ನಿಲ್ಲಿಸು ಎಂದರೆ ನಿಲ್ಲಿಸುವುದಿಲ್ಲ. ಅದರೊಡನೆ ಗುದ್ದಾಡದೆ ಎದ್ದು ಕಾಫಿ ಮಾಡಿಕೊಂಡು, ಬೋಗಿಯ ಗೆಳತಿಯರನ್ನು ಒಬ್ಬೊಬ್ಬರನ್ನಾಗಿ ಕಾನ್ಫರೆನ್ಸ್ ಕಾಲಿಗೆ ಜೋಡಿಸುತ್ತಿದ್ದೆ. ಅವರಲ್ಲಿ ಆಪರೇಟರ್ ಆಗಿದ್ದವರೂ ಇದ್ದರು, ಅವರೊಂದಿಗೆ ಹಳೆಯ ಬೋರ್ಡಿನ ಮುಂದೆ ಕೂತ ಹಾಗೆಯೇ "ಲೈನ್ ಹೋಲ್ಡ್ ಮಾಡಿ" ಎಂದು ಗದರಿಸುತ್ತಿದ್ದೆ. ಯಾರ ಮನೆಯಲ್ಲಿ ಎಷ್ಟು ಪಾತ್ರೆ, ಯಾರ ಗಂಡ ಅಡುಗೆಮನೆಗೆ ಬಂದು ಏನು ಸುಟ್ಟರು ಎಂಬುದೇ ಮಾತು. ಮನೆಯವರೆಲ್ಲ ಏಳುವಷ್ಟರಲ್ಲಿ ನಮ್ಮ ಮಲ್ಲೇಶ್ವರ ಬಂದುಬಿಡುತ್ತಿತ್ತು.

ಹಣದ ಬಗ್ಗೆ ಎರಡು ಮಾತು ಹೇಳಲೇಬೇಕು, ದಿನಚರಿಗೂ ಹಣಕ್ಕೂ ಸಂಬಂಧವಿದೆ. ಪೂರ್ಣ ಪಿಂಚಣಿ ಎಂದರೆ ಕೊನೆಯ ಮೂಲ ಸಂಬಳದ ಅರ್ಧ. ಅದು ನನ್ನ ಖಾತೆಗೇ ಬರುತ್ತದೆ, ಪಾಸ್‌ಬುಕ್ ನನ್ನ ಬೀರುವಿನಲ್ಲೇ ಇರುತ್ತದೆ. ಇಡುಗಂಟಿನ ಸುದ್ದಿ ಹೇಗೋ ಹಬ್ಬುತ್ತದೆ. ವಸಂತನರಸಾಪುರದ ಕಡೆ ಸೈಟು ತೋರಿಸುವವರು, ವಿಮೆಯ ಏಜೆಂಟರು, ಚೀಟಿ ನಡೆಸುವವರು, ಬಡ್ಡಿ ಕೊಡುತ್ತೇವೆ ಎನ್ನುವ ದೂರದ ಸಂಬಂಧಿಗಳು, ಎಲ್ಲರೂ ಮಧ್ಯಾಹ್ನದ ಕಾಫಿಗೆ ಬಂದರು. ಸ್ವಯಂ ನಿವೃತ್ತಿಯ ಪರಿಹಾರದಲ್ಲಿ ಐದು ಲಕ್ಷದವರೆಗೆ ಆದಾಯ ತೆರಿಗೆ ವಿನಾಯಿತಿಯಿದೆ, ಅದನ್ನು ಮೊದಲು ವಿಚಾರಿಸಿಕೊಂಡೆ. ಹಿರಿಯ ನಾಗರಿಕರ ಉಳಿತಾಯ ಯೋಜನೆ ಅರುವತ್ತು ತುಂಬಿದವರಿಗೆ ಎಂದು ಎಷ್ಟೋ ಮಂದಿ ತಿಳಿದಿದ್ದಾರೆ. ಐವತ್ತೈದು ತುಂಬಿ ನಿವೃತ್ತರಾದವರೂ ನಿವೃತ್ತಿಯ ಹಣವನ್ನು ಅದರಲ್ಲಿ ಇಡಬಹುದು. ಆಗ ಹಣ ಕೈಸೇರಿದ ಒಂದು ತಿಂಗಳೊಳಗೆ ಇಡಬೇಕಿತ್ತು, 2023ರ ನವೆಂಬರಿನಿಂದ ಅದು ಮೂರು ತಿಂಗಳಾಗಿದೆ. ನಾನು ಇಡುವ ಹೊತ್ತಿಗೆ ಬಡ್ಡಿ 8.6ರಿಂದ 7.4ಕ್ಕೆ ಇಳಿದಿತ್ತು, ಆದರೂ ಇಟ್ಟೆ. ಮೂರು ತಿಂಗಳಿಗೊಮ್ಮೆ ಬಡ್ಡಿ ಖಾತೆಗೆ ಬರುತ್ತದೆ. ಕಾಫಿಗೆ ಬಂದವರಿಗೆ, "ಅಯ್ಯೋ, ಐದು ವರ್ಷಕ್ಕೆ ಕಟ್ಟಿಬಿಟ್ಟೆನಲ್ಲ" ಎನ್ನುತ್ತಿದ್ದೆ. ಸ್ವಲ್ಪ ಹಣ ಮುರಿದುಕೊಂಡು ಮೊದಲೇ ತೆಗೆಯಬಹುದು ಎಂಬುದನ್ನು ಯಾರಿಗೂ ಹೇಳಲಿಲ್ಲ.

ಜೊತೆಯಲ್ಲಿ ನಿವೃತ್ತರಾದ ಇತರರು ತಮಗೆ ತೋಚಿದ್ದನ್ನು ಮಾಡಿದರು. ಒಬ್ಬಳು ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳುತ್ತಾಳೆ, ಇನ್ನೊಬ್ಬಳು ಗುಬ್ಬಿ ತಾಲ್ಲೂಕಿನ ತವರಿನ ತೆಂಗಿನ ತೋಟಕ್ಕೆ ಹೋಗಿ ನಿಂತಳು. ನಿವೃತ್ತಿಯಾದ ಮೇಲೆ ಏನಾದರೂ ಸಾಧಿಸಬೇಕು ಎಂದು ಹುರಿದುಂಬಿಸುವವರ ಮಾತು ನನಗೆ ಹಿಡಿಸುವುದಿಲ್ಲ. ನಾನು ವೀಣೆ ಕಲಿಯಲಿಲ್ಲ, ಕಂಪ್ಯೂಟರ್ ಕೋರ್ಸಿಗೂ ಸೇರಲಿಲ್ಲ. ನವೆಂಬರ್ ತಿಂಗಳಲ್ಲಿ ಮಾತ್ರ ಗ್ರಂಥಾಲಯದ ಹೊತ್ತಿನಲ್ಲೇ ಕೆಲವು ಪಿಂಚಣಿದಾರರ ಮನೆಗೆ ಹೋಗುತ್ತೇನೆ, ಪಿಂಚಣಿ ಪಡೆಯುವವರು ಬದುಕಿದ್ದೇವೆ ಎಂದು ತೋರಿಸುವ ಜೀವಿತ ಪ್ರಮಾಣಪತ್ರ ಕೊಡುವ ತಿಂಗಳದು. ಸವೆದ ಬೆರಳಿನ ಗುರುತು ಯಂತ್ರಕ್ಕೆ ಹತ್ತದೆ ವಯಸ್ಸಾದವರು ಬಹಳ ಒದ್ದಾಡುತ್ತಿದ್ದರು. 2021ರ ನವೆಂಬರಿನಲ್ಲಿ ಮುಖ ತೋರಿಸಿ ಮೊಬೈಲಿನಲ್ಲೇ ಮುಗಿಸುವ ವ್ಯವಸ್ಥೆ ಬಂತು. ಅತ್ತೆಯ ಕುಟುಂಬ ಪಿಂಚಣಿಗೆ ಮೊದಲು ಮಾಡಿದೆ, ಕಣ್ಣು ಮಿಟುಕಿಸಿ ಎಂದು ಮೊಬೈಲು ಹೇಳಿದರೆ ಅವರು ನನ್ನನ್ನು ನೋಡಿ ನಕ್ಕುಬಿಡುತ್ತಿದ್ದರು.

2022ರಲ್ಲಿ ಯಜಮಾನರೂ ನಿವೃತ್ತರಾದರು, ಅರುವತ್ತು ತುಂಬಿ, ಹಾರ ಶಾಲು ಎಲ್ಲ ಹಾಕಿಸಿಕೊಂಡು. ಮೊದಲ ವಾರವೇ ಹತ್ತು ಗಂಟೆಗೆ ನಾನು ಚಪ್ಪಲಿ ಮೆಟ್ಟುವಾಗ, "ತಾಳು, ನಾನೂ ಬರುತ್ತೇನೆ" ಎಂದರು. ಹತ್ತರಿಂದ ಹನ್ನೆರಡೂವರೆ ನನ್ನದು, ನೀವು ಬೇರೆ ಹೊತ್ತು, ಬೇರೆ ಜಾಗ ನೋಡಿಕೊಳ್ಳಿ ಎಂದೆ. ಎರಡು ದಿನ ಮುಖ ಊದಿಸಿಕೊಂಡಿದ್ದರು. ಆಮೇಲೆ ಸಂಜೆ ನಾಲ್ಕೂವರೆಗೆ ಅಮಾನಿಕೆರೆಗೆ ಹೋಗತೊಡಗಿದರು. ಅಲ್ಲಿ ಯಾರು ಸಿಗುತ್ತಾರೆ, ಏನು ಮಾತಾಡುತ್ತಾರೆ ಎಂದು ನಾನು ಕೇಳುವುದಿಲ್ಲ.